ಗಾಯದ ಬೀಗತಿ

ನಾನು ಮೊದಲ ಸಲ ಗಡ್ಡ ತೆಗೆದ ದಿನ ನಮ್ಮ ಬಾಗಿಲಿಗೆ ಬಂದು ನಿಂತವಳು ಕಾಂತವ್ವ. ಎಡಗೈಯಿಂದ ಗದ್ದ ಒತ್ತಿ ಹಿಡಿದಿದ್ದಳು, ಬಲಗೈಯಲ್ಲಿ ಅರ್ಧ ಹೊಲಿದ ಕುಪ್ಪಸವಿತ್ತು. ಹೊಲಿಗೆ ಮಷಿನ್ನಿನ ಮುಂದಿನಿಂದ ಹಾಗೇ ಎದ್ದು ಬಂದಿದ್ದಳು. "ಯಾರವ್ವಾ ಇವತ್ತ ಈ ಓಣ್ಯಾಗ ಹೊಸದಾಗಿ ಕತ್ತಿ ಹಿಡದಾಂವ?" ಎಂದು ಕೇಳಿದಳು. ಅವ್ವ ನಗುತ್ತ ನನ್ನನ್ನು ಮುಂದಕ್ಕೆ ತಳ್ಳಿದಳು. ನನ್ನ ಗದ್ದದ ಮೇಲೆ ಒಂದು ಬಿಳಿ ಗೆರೆ ಇತ್ತು, ರಕ್ತ ಇರಲಿಲ್ಲ. ರಕ್ತವೆಲ್ಲ ಅವಳ ಗದ್ದದ ಮೇಲಿತ್ತು. ಅವ್ವ ಅವಳನ್ನು ಒಳಗೆ ಕರೆದು, ಮಣೆ ಹಾಕಿ, ಇದಕ್ಕೆಂದೇ ಮಾಡಿಟ್ಟಿದ್ದ ಶಾವಿಗೆ ಪಾಯಸ ಬಡಿಸಿದಳು. ಅಂದಿನಿಂದ ಕಾಂತವ್ವ ನನ್ನ ಗಾಯದ ಬೀಗತಿ.

ನಮ್ಮೂರಿನಲ್ಲಿ ಗಡ್ಡ ತೆಗೆಯುವಾಗ ಆದ ಗಾಯ ಕೊಯ್ದುಕೊಂಡವನ ಮುಖದ ಮೇಲೆ ನಿಲ್ಲುವುದಿಲ್ಲ. ಊರಿನ ಇನ್ನೊಬ್ಬರ ಮುಖಕ್ಕೆ, ಅದೇ ಜಾಗಕ್ಕೆ ಹೋಗುತ್ತದೆ. ಒಮ್ಮೆ ಯಾರಿಗೆ ಹೋಯಿತೋ ಮುಂದೆ ಬದುಕಿರುವವರೆಗೂ ಅವರಿಗೇ. ಅವರು ಗಂಡಸಾಗಿರಬಹುದು, ಹೆಂಗಸಾಗಿರಬಹುದು, ಯಾವ ಓಣಿಯವರಾದರೂ ಆಗಿರಬಹುದು. ಊರು ಬಿಟ್ಟು ಎಷ್ಟು ದೂರ ಹೋದರೂ ಈ ಬೀಗತನ ಬಿಡುವುದಿಲ್ಲ. ಬೆಳಿಗ್ಗೆ ಹಾಲಿಗೆ ನಿಂತ ಹೆಂಗಸರಲ್ಲಿ ಒಂದಿಬ್ಬರ ಕೆನ್ನೆಯ ಮೇಲಾದರೂ ಹತ್ತಿ ಅಂಟಿಕೊಂಡಿರುತ್ತದೆ. "ನಿಮ್ಮಾಂವಗ ಇವತ್ತ ಭಾಳ ಗಡಿಬಿಡಿ ಇತ್ತೇನು?" ಎಂದು ಪಕ್ಕದವಳು ಕೇಳುತ್ತಾಳೆ. ಮದುವೆಗೆ ಮುಂಚೆ ಹುಡುಗಿಯ ಅಪ್ಪ ಅವಳ ಗಾಯದ ಬೀಗರ ಮನೆಗೆ ಹೋಗಿ, ಫೋಟೊ ಮುಗಿಯುವ ತನಕ ಕತ್ತಿ ಹಿಡಿಯಬೇಡ ಎಂದು ಕೈಮುಗಿದು ಬರುತ್ತಾನೆ. ಹಿನ್ನೀರು ದಾಟಿಸುವ ನಮ್ಮ ಲಾಂಚಿನ ಡ್ರೈವರಿಗೆ ಮೂವರು ಗಂಡಸರ ಗಾಯ ಬರುತ್ತದೆ. ಅವನ ಮುಖ ನೋಡಿದರೆ ಸಾಕು, ಊರಿನ ಮೂರು ಮನೆಗಳ ಬೆಳಗು ಹೇಗೆ ಶುರುವಾಯಿತೆಂದು ಗೊತ್ತಾಗುತ್ತದೆ.

ಹಾಗಾದರೆ ಗಡ್ಡ ಬಿಟ್ಟರಾಯಿತಲ್ಲ ಎಂದು ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ. ಬೀಗರು ಸತ್ತ ಮೇಲೆ ಗಾಯ ಹೋಗುವುದಕ್ಕೆ ಜಾಗವಿಲ್ಲದೆ ನಮ್ಮ ಮುಖದ ಮೇಲೇ ನಿಲ್ಲುತ್ತದೆ. ಆಗ ಒಂದು ವರ್ಷ ಗಡ್ಡ ಬಿಡುತ್ತೇವೆ. ನಮ್ಮಲ್ಲಿ ಗಡ್ಡ ಇರುವುದು ಅದೊಂದಕ್ಕೇ. ಬೀಗರು ಬದುಕಿರುವಾಗ ಗಡ್ಡ ಬಿಡುವುದೆಂದರೆ ಅವರ ಹೆಣ ಎತ್ತಿದ ಹಾಗೆ.

ನನ್ನ ಕೆಲಸ ಬೋರ್ಡು ಬರೆಯುವುದು. ಪಂಚಾಯಿತಿ ಕಚೇರಿಯಿಂದ ಹಿಡಿದು ಗಿರಣಿಯವರೆಗೆ ಊರಿನಲ್ಲಿ ಕಾಣುವ ಅಕ್ಷರಗಳೆಲ್ಲ ನನ್ನವು. ಸ್ಕೇಲಿಲ್ಲದೆ ಉದ್ದಕ್ಕೆ ಗೆರೆ ಎಳೆದರೂ ಕೂದಲೆಳೆಯಷ್ಟು ಆಚೀಚೆ ಆಗುವುದಿಲ್ಲ. ಆದರೆ ಕನ್ನಡಿಯ ಮುಂದೆ ಕತ್ತಿ ಹಿಡಿದು ನಿಂತರೆ ನನ್ನ ಕೈ ಬೇರೆ ಯಾರದೋ ಆಗಿಬಿಡುತ್ತದೆ. ನನ್ನ ಗಡ್ಡದ ಕೂದಲೂ ಸಾಮಾನ್ಯವಲ್ಲ, ತೆಂಗಿನ ನಾರು. ಚರ್ಮವೋ, ಸುಮ್ಮನೆ ನೋಡಿದರೂ ಕೆಂಪಾಗುವಂಥದ್ದು. ವಾರಕ್ಕೆ ಎರಡು ಮೂರು ಸಲವಾದರೂ ಕಾಂತವ್ವನ ಹೊಲಿಗೆ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. "ಬೋರ್ಡ್ ಬರಿಯೂ ಕೈ ಅಷ್ಟ ಸೀದಾ ಐತಿ, ನನ್ನ ಗದ್ದದ ಮ್ಯಾಲೆ ಯಾಕೋ ಕುಣೀತೈತಿ?" ಎಂದು ಬೈದು, ಬೈಯುತ್ತಲೇ ಚಹಾ ಸೋಸಿ ಕೊಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ತಂಗಿ ಸುಗಲವ್ವನ ಜೊತೆ ಇದ್ದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೋ ಪ್ರೀತಿಯಿತ್ತೋ ನಾನು ಎಂದೂ ಕೇಳಲಿಲ್ಲ. ಎರಡೂ ಇತ್ತೆಂದು ಕಾಣುತ್ತದೆ.

ಒಂದು ಬೇಸಿಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಆಚೆ ದಂಡೆಯಿಂದ ಬಂದ ಡಾಕ್ಟರು ಎದೆಗೆ ಕಿವಿ ಕೊಟ್ಟು, ಹೃದಯದ ಬಾಗಿಲೊಂದು ಸರಿಯಾಗಿ ಮುಚ್ಚುತ್ತಿಲ್ಲ, ಪಟ್ಟಣದಲ್ಲಿ ಆಪರೇಷನ್ ಆಗಬೇಕು ಎಂದರು. ಅಲ್ಲಿಯವರೆಗೆ ನುಂಗಲು ರಕ್ತ ತೆಳು ಮಾಡುವ ಗುಳಿಗೆ ಕೊಟ್ಟರು. ಆ ಗುಳಿಗೆ ಶುರುವಾದ ಮೇಲೆ ಬಂದ ಮೊದಲ ಸೋಮವಾರ ನನ್ನ ಕೈ ಜಾರಿತು. ಎಂದಿನಂಥದೇ ಗಾಯ, ಸಾಸಿವೆ ಕಾಳಿನಷ್ಟು. ಕಾಂತವ್ವನ ಗದ್ದದಿಂದ ಮಧ್ಯಾಹ್ನದ ತನಕ ರಕ್ತ ನಿಲ್ಲಲಿಲ್ಲ. ಅವಳ ಹಾಸಿಗೆಯ ಪಕ್ಕದಲ್ಲಿ ಬಟ್ಟೆಯ ಚೂರುಗಳು ಕೆಂಪಾಗಿ ಗುಡ್ಡೆ ಬಿದ್ದಿದ್ದವು. ಡಾಕ್ಟರು ಮತ್ತೆ ಬಂದು, "ಇವರಿಗೆ ಇನ್ನು ಮುಂದೆ ಒಂದು ಸಣ್ಣ ಗಾಯವೂ ಆಗಬಾರದು, ಎಚ್ಚರಿಕೆ" ಎಂದರು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಡಾಕ್ಟರಿಗೆ ಯಾಕೆಂದು ತಿಳಿಯಲಿಲ್ಲ.

ಮೊದಲು ಯಂಕಪ್ಪನ ಕಟಿಂಗ್ ಶಾಪಿಗೆ ಓಡಿದೆ. ಅವನು ಕತ್ತರಿ ಕೆಳಗಿಟ್ಟ. "ತಲೀ ಕೊಡು, ಬೇಕಾದಂಗ ಕತ್ತರಸ್ತೀನಿ. ಗದ್ದ ಮಾತ್ರ ಒಲ್ಲೆ. ನಿನ್ನ ಗದ್ದಕ್ಕ ಬ್ಲೇಡ್ ಹಚ್ಚಿ ಏನರೆ ಆದ್ರ ಊರಾಗ ಹ್ಯಾಂಗ ಬಾಳ್ಲಿ?" ಎಂದ. ಅವನ ತಪ್ಪಿಲ್ಲ. ಇನ್ನೊಬ್ಬರ ಬೀಗರ ಮೇಲೆ ಕತ್ತಿ ಆಡಿಸುವ ಧೈರ್ಯ ಅವನ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ.

ಆಮೇಲೆ ಮಾಡಬಾರದ್ದನ್ನು ಮಾಡಿದೆ. ಕೆಲವು ದಿನ ಗಡ್ಡ ತೆಗೆಯದೆ ಬಿಟ್ಟೆ. ಮುಖ ಕಪ್ಪಾಗುತ್ತಿದ್ದಂತೆ ಹಾಲಿನವಳು ಕಾಂತವ್ವನ ಮನೆಗೆ ಹಾಲು ಹಾಕುವುದನ್ನು ನಿಲ್ಲಿಸಿದಳು. ಪಕ್ಕದ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ಸುಗಲವ್ವನ ಮುಂದೆ ಬಂದು ಕೂತರು. ಕೊನೆಗೆ ಕಾಂತವ್ವನೇ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದಳು. "ನಾ ಇನ್ನೂ ಅದೀನೋ. ಮುಂಜಾನೆ ಒಬ್ಬಾಕಿ ಬಂದು ನನ್ನ ಹೊಲಿಗೀ ಮಷಿನ್ ಕೊಡ್ತೀರೇನಂತ ಕೇಳ್ಯಾಳ, ಅದೂ ನನ್ನ ಮುಂದನ! ಮದಲ ಅದನ್ನ ಕೆರಕೋ" ಎಂದಳು.

ಅಂದಿನಿಂದ ನನ್ನ ಬದುಕಿನಲ್ಲಿ ಬೇರೆ ಯೋಚನೆಯೇ ಉಳಿಯಲಿಲ್ಲ. ಅಪ್ಪನ ಮಡಿಚುಗತ್ತಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಲಾಂಚಿನಲ್ಲಿ ಬರುವ ಪ್ಲಾಸ್ಟಿಕ್ ರೇಜರುಗಳು ಕೂದಲು ಕತ್ತರಿಸುವುದಕ್ಕಿಂತ ಎಳೆಯುವುದೇ ಹೆಚ್ಚು. ಮೌಲಾಸಾಬರ ಕಟ್ಲರಿ ಅಂಗಡಿಯಲ್ಲಿ ಸೇಫ್ಟಿ ರೇಜರುಗಳಿದ್ದವು. ಮೊದಲು ತಂದದ್ದು ಹಗುರವಾದ ತಗಡಿನದು, ತುದಿಯಲ್ಲಿ ಬಾಚಣಿಗೆಯಂಥ ಹಲ್ಲು. ನೇರ ಮುಖಕ್ಕೆ ಹಚ್ಚಲು ಧೈರ್ಯ ಬರಲಿಲ್ಲ. ಎಳೆ ಸೋರೆಕಾಯಿಯ ಮೈಮೇಲೆ ಸಣ್ಣ ಕೂದಲಿರುತ್ತದಲ್ಲ, ಸಂತೆಯಿಂದ ಅದನ್ನು ತಂದು ಸೋಪು ಬಳಿದು ಅಭ್ಯಾಸಕ್ಕೆ ಕೂತೆ. ಸಿಪ್ಪೆಯ ಮೇಲೆ ಹಸಿರು ಗೀರು ಬಿದ್ದರೆ ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದೆ, ಅದು ಕಾಂತವ್ವನ ಕೆನ್ನೆಯೇ ಎಂಬ ಹಾಗೆ. ದಿನವೂ ಸೋರೆಕಾಯಿ ಪಲ್ಯ ತಿಂದು ಅವ್ವನಿಗೆ ಸಾಕಾಗಿ ಹೋಯಿತು. "ಒಂದಿನಾ ಬದನಿಕಾಯಿದರೆ ಗಡ್ಡಾ ತಗಿಯೋ ಮಾರಾಯಾ" ಎಂದಳು.

ತಗಡಿನದನ್ನು ವಾಪಸು ಕೊಟ್ಟೆ. ಮೌಲಾಸಾಬರು ಕಪಾಟಿನ ಹಿಂದಿನಿಂದ ಹಳೆಯ ಹಿತ್ತಾಳೆಯದೊಂದನ್ನು ತೆಗೆದು ಧೂಳು ಊದಿದರು. "ಯಾರೂ ಒಯ್ಯಂಗಿಲ್ಲಪಾ ಇದನ್ನ, ಕೈಗೆ ಭಾರ ಅಂತಾರ" ಎಂದರು. ಹಲ್ಲಿಲ್ಲದ ನುಣ್ಣನೆಯ ಅಂಚು, ಗಿಡ್ಡ ಹಿಡಿ. ಕೈಯಲ್ಲಿ ಹಿಡಿದಾಗ ಬ್ಲೇಡು ಕೂರುವ ಅದರ ತಲೆ ತಾನಾಗಿ ಕೆಳಗೆ ಬಾಗಿತು. ಅದನ್ನು ಸೋರೆಕಾಯಿಯ ಮೇಲೆ ಇಟ್ಟು ಸುಮ್ಮನೆ ಬಿಟ್ಟೆ, ಒತ್ತಲಿಲ್ಲ. ಅದು ತನ್ನ ಭಾರಕ್ಕೆ ತಾನೇ ಇಳಿಯಿತು, ಗೀರು ಬೀಳಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು. ಕುಂಚವನ್ನು ಬೋರ್ಡಿಗೆ ಒತ್ತಿದರೆ ಅಕ್ಷರದ ಅಂಚು ಒಡೆಯುತ್ತದೆ, ಕುಂಚದ ಭಾರಕ್ಕೇ ಬಿಡಬೇಕು ಎಂದು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ! ಮುಖದ ಮೇಲೆ ಮಾತ್ರ ಇಷ್ಟು ವರ್ಷ ನೇಗಿಲು ಹೊಡೆದ ಹಾಗೆ ಒತ್ತಿದ್ದೆ. ಹೆದರಿಕೆ ಕೈಯನ್ನು ಒತ್ತಿಸುತ್ತದೆ, ಒತ್ತಿದ್ದಕ್ಕೇ ಗಾಯವಾಗುತ್ತದೆ, ಗಾಯವಾದದ್ದಕ್ಕೆ ಮತ್ತೆ ಹೆದರಿಕೆ.

ಉಳಿದದ್ದನ್ನು ಕಾಂತವ್ವನೇ ಕಂಡುಹಿಡಿದಳು. ನನ್ನ ಗಾಯಗಳಿಂದಾಗಿ ಅವಳ ಮನೆಯಲ್ಲಿ ಹತ್ತಿಗೆ ಬರವಿರಲಿಲ್ಲ. ಒಂದು ಸಂಜೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಒಣ ಗಡ್ಡದ ಮೇಲೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಎಳೆದಳು. ಕೂದಲು ಬೆಳೆದ ದಿಕ್ಕಿಗೆ ಎಳೆದರೆ ಹತ್ತಿ ಜಾರುತ್ತದೆ, ಎದುರಿಗೆ ಎಳೆದರೆ ಎಳೆಯೆದ್ದು ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಎಳೆ ನೋಡಿ ಕತ್ತರಿ ಹಾಕುವವಳಿಗೆ ಇದು ಹೊಸದೇನಲ್ಲ. ಕೆನ್ನೆಯ ಮೇಲೆ ಕೂದಲು ಕೆಳಗೆ ಇಳಿದಿತ್ತು, ಕುತ್ತಿಗೆಯ ಮೇಲೆ ಅಡ್ಡ ಹೋಗಿತ್ತು. ಎಡ ದವಡೆಯ ಕೆಳಗೆ ಒಂದು ಕಡೆ ಹತ್ತಿ ಎತ್ತ ಎಳೆದರೂ ಸಿಕ್ಕಿಕೊಂಡಿತು. "ಇಲ್ಲಿ ಸುಳಿ ಐತಿ ನೋಡು. ನನ್ನ ಮಾರಿ ಮ್ಯಾಲಿನ ಅರ್ಧಾ ಗಾಯ ಇದ ಜಾಗಾದಾಗ ಅದಾವ" ಎಂದು ತನ್ನ ದವಡೆಯ ಕೆಳಗಿನ ಕಲೆಗಳನ್ನು ತೋರಿಸಿದಳು. ನಾನು ಅವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಹೀಗೆ ನನ್ನ ಬೆಳಗಿನ ಪೂಜೆ ನಿಗದಿಯಾಯಿತು. ಸ್ನಾನದ ಬಿಸಿ ನೀರಿನಲ್ಲಿ ಟವೆಲ್ಲು ಅದ್ದಿ ಗಡ್ಡ ಮೆತ್ತಗಾಗುವ ತನಕ ಮುಖಕ್ಕೆ ಹಿಡಿಯುವುದು. ಬ್ರಷ್ಷಿನಿಂದ ನೊರೆ ಏಳಿಸಿ ಕೂದಲನ್ನೆಲ್ಲ ನಿಲ್ಲಿಸುವುದು. ಹಿಡಿಯನ್ನು ಮೊದಲು ಅಡ್ಡ ಹಿಡಿದು, ಬ್ಲೇಡು ಕೂದಲಿಗೆ ತಾಗಿ ಸರಸರ ಎನ್ನುವ ತನಕ ಮಾತ್ರ ಇಳಿಸುವುದು. ಆ ಸದ್ದು ಕೇಳಿದ ಕೂಡಲೇ ಅಲ್ಲಿಗೇ ನಿಲ್ಲಿಸಿ, ಬೆರಳಿನಗಲದಷ್ಟು ಮಾತ್ರ, ಕೂದಲ ದಿಕ್ಕಿಗೆ ಎಳೆಯುವುದು. ನೊರೆ ಹೋದ ಜಾಗಕ್ಕೆ ಮತ್ತೆ ಕೈ ಹಾಕುವಂತಿಲ್ಲ, ಹಾಕಬೇಕೆಂದರೆ ಮತ್ತೆ ನೊರೆ. ಬ್ಲೇಡನ್ನು ಅಡ್ಡಕ್ಕೆ ಜಾರಗೊಡಬಾರದು, ಅದು ಎಲ್ಲಕ್ಕಿಂತ ದೊಡ್ಡ ಅಪಾಯ. ನನ್ನ ಮುಖ ಜೀವಮಾನದಲ್ಲಿ ಮೊದಲ ಸಲ ಉರಿಯಲಿಲ್ಲ. ಕಾಂತವ್ವನ ಮುಖದ ಮೇಲಿನ ಗೀರುಗಳು ಒಂದೊಂದಾಗಿ ಮಾಸಿದವು.

ಪಟ್ಟಣದಿಂದ ಆಪರೇಷನ್ನಿಗೆ ಕರೆ ಬಂತು. ಲಾಂಚಿನ ಕಟ್ಟೆಯ ಮೇಲೆ ಊರಿನ ಅರ್ಧ ಜನ ಸೇರಿದ್ದರು. ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಆಚೆ ದಂಡೆಯಲ್ಲಿರುವ ಕಾಂತವ್ವನ ಅಕ್ಕನ ಮಗಳು ಬರುವವಳಿದ್ದಳು, ಸುಗಲವ್ವ ಅಂಗಡಿ ನೋಡಿಕೊಂಡು ಇಲ್ಲೇ ಉಳಿದಳು. ಲಾಂಚು ಹತ್ತುವ ಮುಂಚೆ ಕಾಂತವ್ವ ನನ್ನ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿದಳು. "ಆಪರೇಷನ್ ಆದ ಮ್ಯಾಲೂ ಆ ಗುಳಿಗಿ ಸಾಯೂತನಕ ನುಂಗಬೇಕಂತ. ನಾ ಬರೂತನಕ ಕೊಯ್ಕೋಬ್ಯಾಡ. ಗಡ್ಡಾನೂ ಬಿಡಬ್ಯಾಡ" ಎಂದಳು. ಆಗಲಿ ಎಂದೆ. ಲಾಂಚು ಹಿನ್ನೀರಿನ ಆಚೆ ಚುಕ್ಕೆಯಾಗುವವರೆಗೂ ನಿಂತಿದ್ದೆ.

ಅವಳು ಹೋದ ಮೇಲೆ ಆಷಾಢದ ಗಾಳಿ ಎದ್ದಿತು. ಹಿನ್ನೀರಿನಲ್ಲಿ ಅಲೆ ಆಳೆತ್ತರ ಎದ್ದು ಲಾಂಚು ನಿಂತಿತು. ಪೋಸ್ಟಾಫೀಸಿನ ಒಂದೇ ಒಂದು ಟೆಲಿಫೋನಿನ ಕಂಬ ಬುಡಸಮೇತ ಬಿದ್ದಿತು. ಗಾಳಿ ಇಳಿಯುವ ತನಕ ಆಚೆಯ ಸುದ್ದಿ ಇಲ್ಲಿಗಿಲ್ಲ. ಆಪರೇಷನ್ ಆಯಿತೋ ಇಲ್ಲವೋ, ಅವಳು ಎದ್ದು ಕೂತಳೋ ಇಲ್ಲವೋ ಯಾರಿಗೂ ತಿಳಿಯದು. ಹಳೆಯ ನಾನಾಗಿದ್ದರೆ ವಾರದೊಳಗೆ ಒಮ್ಮೆ ಕೈ ಜಾರುತ್ತಿತ್ತು, ಗೊತ್ತಾಗುತ್ತಿತ್ತು. ಈಗ ನನ್ನ ಕೈ ಪಳಗಿತ್ತು.

ಸುಗಲವ್ವ ದಿನವೂ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಲ್ಲುವ ಹೊತ್ತಿಗೆ ಸರಿಯಾಗಿ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು. ಮೊದಮೊದಲು ಬರೀ ನೋಡುತ್ತಿದ್ದಳು. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಒಂದ ಒಂದು ಸಣ್ಣ ಗೀರು. ಸೂಜಿಮೊನಿಯಷ್ಟು. ನಿನ್ನ ಮಾರಿ ಮ್ಯಾಲೆ ರಕ್ತ ಬಂತಂದ್ರ ಆಕಿ ಇಲ್ಲಂತ ತಿಳಕೊಂತೀನಿ. ಬರಲಿಲ್ಲಂದ್ರ ಅದಾಳಂತ."

"ಅದಾಳಂದ್ರ ಆ ಗೀರು ಆಕಿಗೆ ಹೋಗತೈತಲ್ಲವ್ವ" ಎಂದೆ. "ಎದಿ ಕೊಯ್ದು ಹೊಲದಿರ್ತಾರ. ಅದರಾಗ ಆ ಗುಳಿಗಿ. ಆ ಗೀರಿಂದನ ಹೋದ್ರ?"

"ಹೋಗ್ಯಾಳಂದ್ರ ನಾ ದೀಪಾ ಹಚ್ಚಬೇಕು. ಇದ್ರ ಹರಕಿ ತೀರಸಬೇಕು. ಎರಡೂ ಬಿಟ್ಟು ಹ್ಯಾಂಗ ಕೂಡ್ಲೋ ನಾನು? ಉಂಡದ್ದು ಗಂಟಲಾಗ ಇಳೀವಲ್ದು."

ಊರಿನವರಲ್ಲೂ ಎರಡು ಪಂಗಡವಾಯಿತು. ಕೆಲವರು ಗೀರಿಬಿಡು ಎಂದರು, ಕೆಲವರು ಇನ್ನು ಗಡ್ಡ ಬಿಡುವುದೇ ಒಳ್ಳೆಯದು ಎಂದರು. ನಾನು ಎರಡನ್ನೂ ಮಾಡಲಿಲ್ಲ. ಕಾಂತವ್ವನ ಜೀವ ಉಳಿಸುವುದಕ್ಕೆ ಮಾಡುತ್ತಿದ್ದೇನೆಂದು ಹೇಳಿಕೊಳ್ಳುತ್ತಿದ್ದೆ. ಆದರೆ ಒಳಗಿನ ಮಾತು ಬೇರೆಯೇ ಇತ್ತು. ನನ್ನ ಮುಖ ನುಣ್ಣಗಿರುವ ತನಕ ಅವಳು ಎಲ್ಲೋ ಬದುಕಿರುತ್ತಾಳೆ. ಆ ಗೊತ್ತಿಲ್ಲದ್ದರಲ್ಲೇ ನನಗೆ ಸ್ವಲ್ಪ ನೆಮ್ಮದಿಯಿತ್ತು, ಅದೇ ಸುಗಲವ್ವನನ್ನು ಹಿಂಡುತ್ತಿತ್ತು. ದವಡೆಯ ಕೆಳಗಿನ ಸುಳಿಗೆ ಮಾತ್ರ ನಾನು ಬ್ಲೇಡನ್ನೇ ತಾಗಿಸಲಿಲ್ಲ. ಕಾಲರ್ ಏರಿಸಿ ಗುಂಡಿ ಹಾಕಿದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸುಗಲವ್ವ ಬಂದಾಗ ಅವಳ ಕೈಯಲ್ಲಿ ಮಣ್ಣಿನ ಪಣತಿಯಿತ್ತು. ಹೊಸ್ತಿಲ ಮೇಲೆ ಕೂರಲಿಲ್ಲ. "ನೀ ಹೇಳೂದಿಲ್ಲ, ಯಾರೂ ಹೇಳೂದಿಲ್ಲ. ಇವತ್ತ ಹಚ್ಚಿಬಿಡ್ತೀನಿ" ಎಂದಳು. ನಾನು ಗದ್ದದ ಮೇಲೆ ರೇಜರು ಇಟ್ಟಿದ್ದೆ. "ಬ್ಯಾಡ ಸುಗಲವ್ವ!" ಎಂದು ತಿರುಗಿದೆ. ಮುಖ ತಿರುಗಿತು, ಕೈ ಅಲ್ಲೇ ಉಳಿಯಿತು. ಬ್ಲೇಡು ಅಡ್ಡಕ್ಕೆ ಜಾರಿತು.

ನೊರೆಯೊಳಗೆ ಚುರ್ರೆಂದದ್ದು ನನಗೆ ಗೊತ್ತಾಯಿತು. ನನ್ನ ಮುಖ ನೋಡಿ ಅವಳಿಗೂ ಗೊತ್ತಾಯಿತು. ಪಣತಿ ಕೆಳಗಿಟ್ಟು ಓಡಿ ಬಂದು, ಸೆರಗಿನಿಂದ ನೊರೆ ಒರೆಸಿ, ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಇಬ್ಬರೂ ಕನ್ನಡಿ ನೋಡುತ್ತ ನಿಂತೆವು. ಗೆರೆ ಬೆಳ್ಳಗಿತ್ತು, ಉದ್ದವಾಗಿತ್ತು, ನಾನು ಹಿಂದೆಂದೂ ಮಾಡಿಕೊಳ್ಳದಷ್ಟು ಉದ್ದ. ರಕ್ತ ಬರಬೇಡ, ಬರಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಳ್ಳುವುದೆಂದರೆ ಆ ರಕ್ತ ಅವಳ ಗದ್ದದಿಂದ ಬರಲಿ ಎಂದು ಬೇಡಿದಂತೆ ಎಂಬುದು ನನಗೆ ತಿಳಿದಿತ್ತು. ಆದರೂ ಬೇಡಿದೆ. ಇಷ್ಟು ದಿನ ಯಾವುದು ಆಗಬಾರದೆಂದು ಉಸಿರು ಬಿಗಿಹಿಡಿದು ಬದುಕಿದ್ದೆನೋ ಅದೇ ಆಗಲಿ ಎಂದು ಕನ್ನಡಿಯ ಮುಂದೆ ಅಂಗಲಾಚಿದೆ.

ಗೆರೆ ಒಣಗಿಯೇ ಉಳಿಯಿತು.

"ಅದಾಳ!" ಎಂದು ಸುಗಲವ್ವ ಕೂಗಿದಳು. "ನಮ್ಮಕ್ಕ ಅದಾಳ!" ನನ್ನ ನೊರೆ ಮುಖವನ್ನೇ ತಬ್ಬಿಕೊಂಡು ಅತ್ತಳು. ಆಮೇಲೆ ಡಬ್ಬಿಯಲ್ಲಿದ್ದ ಸಕ್ಕರೆಯನ್ನೆಲ್ಲ ಸೆರಗಿಗೆ ಸುರಿದುಕೊಂಡು ಓಣಿಯ ತುಂಬ ಹಂಚುತ್ತ ಹೋದಳು. ನಾನು ಬಚ್ಚಲಿನ ಕಲ್ಲಿನ ಮೇಲೆ ಕೂತೆ. ಈ ಹೊತ್ತಿಗೆ ಎಲ್ಲೋ ಒಂದು ಬಿಳಿ ಹಾಸಿಗೆ ಕೆಂಪಾಗುತ್ತಿರುತ್ತದೆ. ಅದು ನಿಂತಿತೋ ಇಲ್ಲವೋ ತಿಳಿಯಲು ನಾನು ಇನ್ನೊಮ್ಮೆ ಕೊಯ್ದುಕೊಳ್ಳುವಂತಿಲ್ಲ. ಗಾಳಿ ಇಳಿಯುವವರೆಗಿನ ದಿನಗಳಲ್ಲಿ ಸುಗಲವ್ವ ಹೊಟ್ಟೆತುಂಬ ಉಂಡಳು, ನನ್ನ ಗಂಟಲಿನಲ್ಲಿ ಅನ್ನ ಇಳಿಯುವುದು ನಿಂತಿತು.

ಲಾಂಚಿನ ಹಾರ್ನು ಕೇಳಿದ ದಿನ ನಾನು ಬೋರ್ಡಿಗೆ ಬಣ್ಣ ಬಳಿಯುತ್ತಿದ್ದೆ. ಕುಂಚ ಅಲ್ಲೇ ಬಿಟ್ಟು ಓಡಿದೆ. ಮೊದಲು ಇಳಿದವನು ಡ್ರೈವರು, ಮುಖದ ತುಂಬ ಗೀರು. ಅವನ ಹಿಂದೆ ಅಕ್ಕನ ಮಗಳ ಭುಜ ಹಿಡಿದು ಕಾಂತವ್ವ ಇಳಿದಳು. ಅರ್ಧ ಆಗಿದ್ದಳು. ಗದ್ದದ ಮೇಲೆ ಅಗಲವಾದ ಪಟ್ಟಿ ಅಂಟಿಸಿದ್ದರು. ನಾನು ಕಟ್ಟೆಯ ಮೇಲೇ ಕೂತುಬಿಟ್ಟೆ.

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಉಸಿರು ಸರಾಗವಾಗಿತ್ತು. "ಮುಂಜಾನಿಂದ ಸಂಜೀತನಕ ಸುರೀತಪಾ" ಎಂದಳು. "ಡಾಕ್ಟರು ಬಂದು ಯಾರು ಕೊಯ್ದರು ಅಂತ ಕೇಳಿದ್ರು. ನಮ್ಮೂರ ಪೇಂಟರ್ ಅಂದೆ. ಜ್ವರಾ ತಲೀಗೇರೇತಿ ಅಂತ ಇನ್ನೊಂದ ಇಂಜೆಕ್ಷನ್ ಚುಚ್ಚಿದ್ರು."

"ತಪ್ಪಾತು ಕಾಂತವ್ವ" ಎಂದೆ.

"ಏನ ತಪ್ಪು? ದಿನಾ ಮುಂಜಾನೆ ಎದ್ದು ಗದ್ದಾ ಮುಟ್ಟಿ ನೋಡಕೊಂತಿದ್ದೆ. ಒಂದ ಗೀರಿಲ್ಲ! ಕೈ ಎಷ್ಟ ಪಳಗಿದ್ರೂ ನೀ ಇಷ್ಟ ದಿನಾ ಕೊಯ್ಕೊಳ್ಳದ ಇರೂ ಮನಶ್ಯಾ ಅಲ್ಲ. ಹುಡುಗ ಗಾಳಿಗೆ ಸಿಕ್ಕು ಎಲ್ಲೋ ಸತ್ತ ಹೋದ ಅಂತ ಗ್ವಾಡಿ ಕಡೆ ಮಾರಿ ಮಾಡಿ ಅತ್ತೀನಿ. ಆ ರಕ್ತ ಕಂಡಾಗ ಆ ನರ್ಸಮ್ಮನ ಕೈ ಹಿಡದು ನಕ್ಕೆ ನಾನು."

ಹಾಗೆ ಹೇಳುತ್ತಲೇ ಅಭ್ಯಾಸದಂತೆ ನನ್ನ ಕೆನ್ನೆಯ ಮೇಲೆ ಬೆರಳಾಡಿಸಿದಳು. ಬೆರಳು ಕೆಳಗಿಳಿದು ಕಾಲರಿನ ಒಳಗೆ ಹೋಗಿ ನಿಂತಿತು. "ಇದೇನಿದು?" ಎಂದಳು. ಸುಳಿಯ ಜಾಗದಲ್ಲಿ ರೂಪಾಯಿಯಗಲ ಗಡ್ಡ ಬೆಳೆದು ಸುತ್ತಿಕೊಂಡಿತ್ತು. ಹೆದರಿ ಅಲ್ಲಿಗೆ ಬ್ಲೇಡು ಹಚ್ಚಲಿಲ್ಲ ಎಂದೆ. "ಅಷ್ಟರ ಮಟ್ಟಿಗೆ ನಾ ಸತ್ತಿದ್ದೆ ಅಂದಂಗಾತು" ಎಂದು ಹುಬ್ಬು ಗಂಟಿಕ್ಕಿದಳು. "ನಡಿ ಮನಿಗೆ. ನೊರಿ ಏಳಸು. ನಾನ ತಗೀತೀನಿ."

ನಮ್ಮೂರಿನಲ್ಲಿ ಇಂಥದ್ದು ಯಾರೂ ಕೇಳಿರಲಿಲ್ಲ. ಬೀಗರ ಕೈಗೇ ಕತ್ತಿ ಕೊಡುವುದು! ಅವಳ ಮನೆಯ ಮೆಟ್ಟಿಲ ಕೆಳಗೆ ಜನ ನಿಂತರು, ಯಂಕಪ್ಪ ಅಂಗಡಿ ಬಿಟ್ಟು ಬಂದ. ನಾನು ಬ್ಯಾಡ ಎಂದೆ, ಸುಗಲವ್ವ ಬ್ಯಾಡ ಎಂದಳು. "ನೀ ಹಿಡದ್ರ ನನಗಾಗ್ತೈತಂತ ನಡಗತಿ. ನಾ ಹಿಡದ್ರ ನನಗಾಗೂದು ನನಗ ಗೊತ್ತಿರ್ತೈತಿ. ನಿನಗ್ಯಾಕ ಚಿಂತಿ? ಕುತಗಿ ಎತ್ತು" ಎಂದು ಕಾಂತವ್ವ ಹಿತ್ತಾಳೆಯ ರೇಜರನ್ನು ಕೈಗೆ ತೆಗೆದುಕೊಂಡಳು. ನಾನು ಕುತ್ತಿಗೆ ಎತ್ತಿದೆ.

"ಒತ್ತಬ್ಯಾಡ" ಎಂದೆ. "ಅದರ ಭಾರಕ್ಕ ಬಿಡು. ಸರಸರ ಅಂದಾಗ ನಿಂದ್ರಸು."

"ಸುಮ್ಮನಿರು, ಮಾತಾಡಿದ್ರ ಗಂಟಲು ಅಳ್ಳಾಡತೈತಿ" ಎಂದಳು.

ಎಡಗೈಯ ಎರಡು ಬೆರಳಿನಿಂದ ಚರ್ಮವನ್ನು ಬಟ್ಟೆ ಬಿಗಿಹಿಡಿದಂತೆ ಹಿಡಿದಳು. ಬ್ಲೇಡು ಮೊದಲು ಒಂದು ಕಡೆಯಿಂದ ಬಂತು, ಆಮೇಲೆ ಇನ್ನೊಂದು ಕಡೆಯಿಂದ, ಸುಳಿಯ ಸುತ್ತ ಸುತ್ತುತ್ತ. ನಾನು ಕಣ್ಣು ಮುಚ್ಚಿದ್ದೆ. ಸರಸರ ಸದ್ದು ನಿಂತಿತು, ಒಣ ಬಟ್ಟೆ ಕುತ್ತಿಗೆಯ ನೊರೆ ಒರೆಸಿತು. ಕಣ್ಣು ಬಿಟ್ಟಾಗ ಕಾಂತವ್ವ ಒಂದು ಕೈಯನ್ನು ನನ್ನ ದವಡೆಯ ಕೆಳಗೆ, ಇನ್ನೊಂದನ್ನು ತನ್ನ ದವಡೆಯ ಕೆಳಗೆ ಒತ್ತಿ ಹಿಡಿದಿದ್ದಳು. ಎರಡೂ ಕೈ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಎರಡೂ ಒಣಗಿದ್ದವು.